ಏಳು ಗುಡಿಸಲಿನ ಸಾಮ್ರಾಜ್ಯಕ್ಕೆ ಕೊಟೇಶನ್

ಒಂದು ಆಟದ ಸಿಡಿ ಕೊಳ್ಳುವುದಕ್ಕೆ ವೆಂಕಟಾಚಲ ನಾಲ್ಕು ತಿಂಗಳು ತೆಗೆದುಕೊಂಡ ಎಂದು ನಮ್ಮ ಕ್ವಾರ್ಟರ್ಸ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಇದು ಶುದ್ಧ ಸುಳ್ಳು. ತೆಗೆದುಕೊಂಡದ್ದು ಮೂರು ತಿಂಗಳು ಹನ್ನೊಂದು ದಿನ, ಅದರ ನಡುವೆ ದಸರಾ ರಜೆ ಬೇರೆ ಬಂತು. ಅಲ್ಲದೆ ಆ ಸಿಡಿಯನ್ನು ನಾನು ಕೊಳ್ಳಲೇ ಇಲ್ಲ. ಕೊಳ್ಳದೇ ಇದ್ದ ವಸ್ತುವನ್ನು ತಡವಾಗಿ ಕೊಂಡ ಎಂದು ಆರೋಪ ಹೊರಿಸುವ ಜನರ ನಡುವೆ ನಾನು ಸಂಸಾರ ಮಾಡುತ್ತಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ. ತಪ್ಪು ಯಾರದು ಎಂದು ಓದಿದವರು ಹೇಳಲಿ.

ನಾನು ವಿಮಾನಪುರದ ಕಡೆ ಒಂದು ಕಾರ್ಖಾನೆಯ ಪರ್ಚೇಸ್ ಸೆಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಕಾರ್ಖಾನೆಯ ಹೆಸರು ಹೇಳುವುದಿಲ್ಲ, ನನಗೆ ಇನ್ನೂ ಪಿಎಫ್ ಬರಬೇಕು. ನಮ್ಮಲ್ಲಿ ಗುಂಡುಸೂಜಿಯಾದರೂ ಸರಿ, ಕ್ರೇನ್ ಆದರೂ ಸರಿ, ಕೊಳ್ಳುವ ಕ್ರಮ ಒಂದೇ. ಬೇಕಾದವರು ಬೇಕು ಎಂದು ಇಂಡೆಂಟ್ ಬರೆದು ಕೊಡಬೇಕು. ಹಳೆಯದು ಕೆಟ್ಟಿದೆ ಎಂದು ಒಬ್ಬರು ಸರ್ಟಿಫಿಕೇಟ್ ಕೊಡಬೇಕು, ಇದಕ್ಕೆ ಕಂಡೆಮ್ ಮಾಡುವುದು ಎನ್ನುತ್ತಾರೆ. ಅಂಗಡಿಯವರಿಂದ ಕೊಟೇಶನ್ ತರಿಸಬೇಕು. ತಿಳಿದವರ ಕಮಿಟಿ ಕೂತು ವಸ್ತುವನ್ನು ನೋಡಬೇಕು. ಕೊನೆಗೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಕಂಪ್ಯಾರಿಟಿವ್ ಸ್ಟೇಟ್‌ಮೆಂಟ್ ಮಾಡಬೇಕು. ಹೀಗೆ ಕೊಂಡ ಒಂದು ವಸ್ತುವನ್ನೂ ಇವತ್ತಿನವರೆಗೆ ಯಾರೂ ತಪ್ಪು ಎಂದಿಲ್ಲ. ತಡ ಎಂದಿದ್ದಾರೆ. ತಡ ಬೇರೆ, ತಪ್ಪು ಬೇರೆ.

2004ನೇ ಇಸವಿಯಲ್ಲಿ ಮಗಳು ಇಂಚರಾ ಎಂಜಿನಿಯರಿಂಗ್ ಸೇರಿದಾಗ ಮನೆಗೆ ಕಂಪ್ಯೂಟರ್ ಬಂತು. ಅದರ ಜೊತೆ ‘ಎಂಪೈರ್ ವ್ಯಾಲಿ’ ಎಂಬ ಆಟದ ಸಿಡಿಯೊಂದು ಪುಕ್ಕಟೆಯಾಗಿ ಬಂದಿತ್ತು. ಬಯಲಿನಲ್ಲಿ ಒಂದು ಗುಡಿಸಲು ಹಾಕಿ, ಹೊಲ ಮಾಡಿ, ಕೆರೆ ತೋಡಿಸಿ, ನಿಧಾನವಾಗಿ ಸಾಮ್ರಾಜ್ಯ ಕಟ್ಟುವ ಆಟ. ದಿನಾ ಸಂಜೆ ಕಾಫಿ ಕುಡಿದ ಮೇಲೆ ಆರರಿಂದ ಆರೂವರೆಯವರೆಗೆ ನಾನು ಆಡುತ್ತಿದ್ದೆ. ಎಂಟು ತಿಂಗಳಲ್ಲಿ ಏಳು ಗುಡಿಸಲು, ಒಂದು ಕಣಜ ಆಗಿತ್ತು. ಕಣಜದ ಜಾಗ ಗೊತ್ತು ಮಾಡುವುದಕ್ಕೇ ನನಗೆ ಎರಡು ತಿಂಗಳು ಹಿಡಿದಿತ್ತು. ನಗಬೇಡಿ. ಇಪ್ಪತ್ತಾರು ವರ್ಷ ಬೇರೆಯವರು ಬೇಕು ಎಂದದ್ದಕ್ಕೆ ಸಹಿ ಹಾಕಿದವನು ನಾನು. ಆ ಅರ್ಧ ಗಂಟೆ ಮಾತ್ರ ನಾನು ಬೇಕು ಎಂದದ್ದು ಆಗುತ್ತಿತ್ತು. ನನ್ನದು ಎಂದು ನನಗೆ ಇದ್ದದ್ದು ಅಷ್ಟೇ.

ಒಂದು ದಿನ ಕೆಲಸದಿಂದ ಬಂದು ನೋಡುತ್ತೇನೆ, ಬಾಲ್ಕನಿಯಲ್ಲಿ ಕರಿಬೇವಿನ ಕುಂಡದ ಮೇಲೆ ದಾರಕ್ಕೆ ಕಟ್ಟಿದ ಸಿಡಿಯೊಂದು ಬಿಸಿಲಿಗೆ ಫಳಫಳ ತಿರುಗುತ್ತಿದೆ.

"ಜಲಜಾ, ಏನೇ ಇದು?" ಎಂದು ಹೆಂಡತಿಯನ್ನು ಕೂಗಿದೆ.

"ಪಾರಿವಾಳ ಓಡ್ಸೋಕೆ ಕಣ್ರೀ. ಟೇಬಲ್ ಮೇಲೆ ಬಿದ್ದಿತ್ತು, ಕಟ್ಟಿದೆ. ಎದುರುಮನೆ ಅಮೃತಮ್ಮನೋರೂ ಎರಡು ಕಟ್ಟಿದಾರೆ."

"ಅದು ನನ್ನ ಸಾಮ್ರಾಜ್ಯ ಕಣೇ!"

"ಸಾಮ್ರಾಜ್ಯನ ಟೇಬಲ್ ಮೇಲೆ ಯಾರಾದ್ರೂ ಬಿಸಾಕಿರ್ತಾರಾ? ಬಿಚ್ಚಿ ಕೊಡ್ತೀನಿ, ಒಂದ್ಸಲ ನೋಡಿ."

ನೋಡುವುದೇನು ಬಂತು? ಪಾರಿವಾಳಗಳು ಆಗಲೇ ಅದರ ಮೇಲೆ ತಮ್ಮ ಅಭಿಪ್ರಾಯವನ್ನು ದಾಖಲಿಸಿದ್ದವು. ನಾನು ಒಳಗೆ ಹೋಗಿ ಹೊಸ ಫೈಲ್ ತೆರೆದು ಮೊದಲ ಪುಟದಲ್ಲಿ ಬರೆದೆ: ‘ಖುದ್ದಾಗಿ ಪರಿಶೀಲಿಸಿ ನೋಡಲಾಗಿ, ಸದರಿ ವಸ್ತುವು ಬಳಕೆಗೆ ಯೋಗ್ಯವಾಗಿಲ್ಲ.’ ನಮ್ಮ ಸೆಕ್ಷನ್ನಿನಲ್ಲಿ ಯಾವಾಗಲೂ ಹೀಗೇ ಬರೆಯುವುದು. ಅಂದಿನಿಂದ ಕಂಪ್ಯೂಟರ್ ಮುಂದೆ ನಾನು ಕೂರಲೂ ಇಲ್ಲ. ಕಂಡೆಮ್ ಆದ ವಸ್ತುವಿನ ಬಳಕೆ ನಿಯಮಬಾಹಿರ.

ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಯಾಜ್ ಎಂಬವನ ಸಿಡಿ ಅಂಗಡಿ ಇದೆ. ಆ ಭಾನುವಾರವೇ ಹೋದೆ.

"ಫಸ್ಟ್ ಪಾರ್ಟ್ ಬರೋದೇ ಬಂದ್ ಆಯ್ತು ಸಾರ್," ಎಂದ ನಯಾಜ್. "ಸೆಕೆಂಡ್ ಇದೆ, ಥರ್ಡ್ ಇದೆ. ಸೆಕೆಂಡ್ ಆರಾಮ್, ಬೇಸಾಯ ಗೀಸಾಯ ಮಾಡ್ಕೊಂಡು ಇರ್ಬಹುದು. ಥರ್ಡ್ ಅಂದ್ರೆ ಪೂರಾ ಲಡಾಯಿ. ನೋಡೋಕೆ ಮಸ್ತ್. ಯಾವ್ದು ಕೊಡ್ಲಿ?"

"ನನಗೆ ಯಾವುದು ಸರಿ?"

"ದಿನಾ ಎಷ್ಟೊತ್ತು ಆಡ್ತೀರಾ?"

"ಅರ್ಧ ಗಂಟೆ."

ನಯಾಜ್ ನಕ್ಕುಬಿಟ್ಟ. "ಟೈಮ್‌ಪಾಸ್ ಪಾರ್ಟಿ ನೀವು. ಯಾವ್ದಾದ್ರೂ ತಗೊಳ್ಳಿ ಸಾರ್, ಏನ್ ಫರಕ್ ಆಗುತ್ತೆ?"

ಯಾವುದಾದರೂ! ಈ ಪದವನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಯಾವ ಕಾಗದದ ಮೇಲೂ ಬರೆದವನಲ್ಲ, ಬರೆಯಲು ಬಿಟ್ಟವನೂ ಅಲ್ಲ. ಯಾವುದಾದರೂ ಒಂದು ನಟ್ಟು, ಯಾವುದಾದರೂ ಒಂದು ಬೋಲ್ಟು ಹಾಕಿದ್ದರೆ ನಮ್ಮ ಕಾರ್ಖಾನೆಯ ಗತಿ ಏನಾಗುತ್ತಿತ್ತು? ಅರ್ಧ ಗಂಟೆ ಆಡುವವನಿಗೆ ಆಯ್ಕೆಯ ಹಕ್ಕಿಲ್ಲವೇ? ನನಗೆ ಮೈಯೆಲ್ಲ ಉರಿದುಹೋಯಿತು. ಬರಿಗೈಯಲ್ಲಿ ಮನೆಗೆ ಬಂದು ಜಲಜಾಳಿಗೆ ಹೇಳಿದೆ, "ಇದನ್ನ ಕ್ರಮವಾಗಿಯೇ ಕೊಳ್ತೀನಿ."

"ಅಯ್ಯೋ ರಾಮ," ಎಂದಳು ಜಲಜಾ. ನಮ್ಮ ಮನೆಯ ಮಿಕ್ಸಿಯನ್ನು ನಾನು ಕ್ರಮವಾಗಿ ಕೊಂಡಾಗ ಅವಳು ಎರಡು ಬೇಸಿಗೆ ಒರಳಿನಲ್ಲಿ ರುಬ್ಬಿದ್ದಳು. "ಅಲ್ಲೀವರೆಗೆ ಆ ಆರರಿಂದ ಆರೂವರೆ ಸುಮ್ನೆ ಖಾಲಿ ಇರುತ್ತಲ್ಲ, ನಾನು ತಗೋತೀನಿ. ಇಂಚರಾ ಏನೋ ಕಲಿಸ್ತೀನಿ ಅಂತಿದಾಳೆ."

"ತಗೋ. ಆದರೆ ಹೊಸ ಆಟ ಮನೆಗೆ ಬಂದ ದಿನ ಬಿಟ್ಟುಕೊಡಬೇಕು. ಇಲ್ಲ ಅಂದ್ರೆ ಆಗಲ್ಲ."

"ಹೊಸದು ಬಂದ ದಿನ ತಾನೆ? ಆಯ್ತು ಬಿಡಿ."

ನನ್ನ ಅರ್ಧ ಗಂಟೆಯನ್ನು ನಾನು ಹೀಗೆ ಅಡ ಇಟ್ಟೆ. ಹೊಸ ಆಟ ಬಾರದಿದ್ದರೆ ಅದು ಹೋದ ಹಾಗೇ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲ ತಿಂಗಳು ವಿಚಾರಣಾ ಪತ್ರ ಬರೆಯುವುದಕ್ಕೆ ಹೋಯಿತು. ಎರಡೂ ಭಾಗಗಳಿಗೆ ಪ್ರತ್ಯೇಕ ದರ, ಮಾಲು ಎಲ್ಲಿಂದ ಬರುತ್ತದೆ, ಈಗ ಅಂಗಡಿಯಲ್ಲಿ ಎಷ್ಟಿವೆ, ಇದುವರೆಗೆ ಯಾರು ಯಾರಿಗೆ ಮಾರಲಾಗಿದೆ, ಏಳು ದಿನದೊಳಗೆ ಲಿಖಿತವಾಗಿ ತಿಳಿಸುವುದು ಎಂದು ಬರೆದೆ. ಸ್ವಂತ ಕಾಗದ, ಸ್ವಂತ ಪೆನ್ನು, ಸ್ವಂತ ಅಂಚೆ ಚೀಟಿ. ಕಾರ್ಖಾನೆಯ ಒಂದು ಕ್ಲಿಪ್ಪನ್ನೂ ಮುಟ್ಟಲಿಲ್ಲ. ಸಹಿ ಹಾಕಿದ ಮೇಲೆ ಕೈ ಮಾತ್ರ ಅದರ ಪಾಡಿಗೆ ಅದು ಇನ್ನೊಂದು ಸಾಲು ಬರೆಯಿತು: ‘ಪರ್ಚೇಸ್ ಸೆಕ್ಷನ್’, ಕೆಳಗೆ ಕಾರ್ಖಾನೆಯ ವಿಳಾಸ. ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದ ಕೈಯನ್ನು ಯಾವ ನ್ಯಾಯದಲ್ಲಿ ಬೈಯುತ್ತೀರಿ?

ಆ ನಡುವೆ ಇಂಚರಾ ಬಂದು ನಿಂತಳು. "ಅಪ್ಪಾ, ಪ್ರಿಂಟರ್ ಕೆಲ್ಸ ಮಾಡ್ತಿಲ್ಲ. ಅದರ ಸಿಡಿ ಹಾಕ್ಬೇಕು, ಎಲ್ಲೂ ಕಾಣ್ತಿಲ್ಲ. ನೀವೇನಾದ್ರೂ..."

"ಇಂಡೆಂಟ್ ಬರೆದು ಕೊಡು," ಎಂದೆ. "ಸರದಿ ಪ್ರಕಾರ ನೋಡೋಣ. ಈಗ ಒಂದು ಫೈಲ್ ನಡೀತಿದೆ."

ಅವಳು ಹೇಳಬೇಕೆಂದಿದ್ದನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದಳು. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ.

ಏಳು ದಿನ ಕಳೆದರೂ ನಯಾಜ್‌ನಿಂದ ಉತ್ತರ ಬರಲಿಲ್ಲ. ಹದಿನೈದು ದಿನ ಕಾದು ಜ್ಞಾಪನಾ ಪತ್ರ ಹಾಕಿದೆ. ಅದಕ್ಕೂ ಇಲ್ಲ. ಸರಿ, ಕಮಿಟಿಯೇ ಅಂಗಡಿಗೆ ಹೋಗಿ ನೋಡಲಿ ಎಂದು ತೀರ್ಮಾನಿಸಿದೆ.

ಎರಡನೇ ಭಾಗದಲ್ಲಿ ಬೇಸಾಯ ಹೆಚ್ಚು ಎಂದು ನಯಾಜನೇ ಹೇಳಿದ್ದನಷ್ಟೆ. ಅದಕ್ಕೆ ಮುನಿವೆಂಕಟಪ್ಪನವರನ್ನು ಹಿಡಿದೆ. ಹೊರಮಾವಿನಲ್ಲಿ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಐದು ಮಹಡಿ ಎದ್ದಿದೆ. ನಮ್ಮ ಕ್ವಾರ್ಟರ್ಸ್ ಮೈದಾನಕ್ಕೆ ಬೆಳಿಗ್ಗೆ ಸ್ಕೂಟರಿನಲ್ಲಿ ವಾಕಿಂಗಿಗೆ ಬರುವಷ್ಟು ಅನುಕೂಲಸ್ಥರು. ಮೂರನೇ ಭಾಗದಲ್ಲಿ ಯುದ್ಧ ಇರುವುದರಿಂದ ನಮ್ಮ ಕಾರ್ಖಾನೆಯ ಗೇಟಿನ ಸೆಕ್ಯುರಿಟಿ ಹಂಪಣ್ಣನನ್ನು ರಕ್ಷಣಾ ತಜ್ಞ ಎಂದು ಸೇರಿಸಿಕೊಂಡೆ. ಅವನು ಹವಾಲ್ದಾರನಾಗಿ ಸೈನ್ಯದಿಂದ ಬಂದವನು.

ಭಾನುವಾರ ಹನ್ನೊಂದು ಗಂಟೆಗೆ ನಾವು ಮೂವರೂ ಆ ಗಲ್ಲಿಗೆ ಕಾಲಿಟ್ಟೆವು. ಹಂಪಣ್ಣ ಡ್ಯೂಟಿಯಿಂದ ನೇರವಾಗಿ ಬಂದದ್ದರಿಂದ ಖಾಕಿಯಲ್ಲಿದ್ದ. ಮುನಿವೆಂಕಟಪ್ಪನವರು ಬಿಳಿ ಪಂಚೆ, ಬಿಳಿ ಷರ್ಟು, ನಾಲ್ಕು ಉಂಗುರ. ನನ್ನ ಕೈಯಲ್ಲಿ ಕೆಂಪು ದಾರ ಕಟ್ಟಿದ ಫೈಲ್. ಯಾರೋ ಒಬ್ಬರು ಗಲ್ಲಿಯ ತುದಿಯಲ್ಲಿ "ರೇಡ್! ರೇಡ್!" ಎಂದು ಕೂಗಿದ್ದು ಕೇಳಿಸಿತು. ನೋಡನೋಡುತ್ತಿದ್ದ ಹಾಗೆ ಎಡಕ್ಕೂ ಬಲಕ್ಕೂ ಷಟರ್‌ಗಳು ದಡದಡ ಬಿದ್ದವು. ಯಾರನ್ನು ಹಿಡಿಯಲು ಬಂದಿದ್ದಾರೋ ಪಾಪ ಎಂದು ನಾವೂ ಹಿಂದೆ ತಿರುಗಿ ನೋಡಿದೆವು.

ನಯಾಜನ ಷಟರ್ ಮಾತ್ರ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಅದರ ಕೆಳಗೆ ಬಗ್ಗಿ ನಾವು ಒಳಗೆ ಹೋದೆವು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಸಾರ್, ನಿಮ್ಮ ಲೆಟರ್ ಎರಡೂ ಬಂತು ಸಾರ್. ನಾನು ಗರೀಬ್ ಆದ್ಮಿ. ಹಿಂದಿನ ರೂಮಿನ ಡೂಪ್ಲಿಕೇಟ್ ಸ್ಟಾಕ್ ನಂದಲ್ಲ, ಅಲ್ಲಾನ ಆಣೆ."

"ಉತ್ತರ ಯಾಕೆ ಕೊಡಲಿಲ್ಲ?"

"ಹೇಗೆ ಕೊಡ್ಲಿ ಸಾರ್, ಬರ್ದು ಕೊಟ್ರೆ ನಾನೇ ಒಳಗೆ ಹೋಗ್ತೀನಲ್ಲ!"

ಅವನ ಮಾತಿನ ತಲೆಬುಡ ನನಗೆ ಅರ್ಥವಾಗಲಿಲ್ಲ. ಮೇಲಿನ ಮನೆಯಿಂದ ಅವನ ತಾಯಿ ಬದ್ರುನ್ನೀಸಾ ಟೀ ಹಿಡಿದುಕೊಂಡು ಓಡೋಡಿ ಬಂದರು. "ಕುಡೀರಿ ಸಾಬ್. ಬಚ್ಚಾ ಹೈ, ಅಕಲ್ ಇಲ್ಲ. ಒಂದ್ಸಲ ಬಿಟ್ಬಿಡಿ," ಎಂದು ಹಂಪಣ್ಣನಿಗೆ ಕೈಮುಗಿದರು. ಬಿಸ್ಕತ್ತೂ ಬಂತು. ಮಾರಾಟಗಾರರ ಸೌಜನ್ಯ ಉತ್ತಮ ಎಂದು ನಾನು ಫೈಲಿನಲ್ಲಿ ಬರೆದುಕೊಂಡೆ. ಅದನ್ನು ನೋಡಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎರಡನೇ ಭಾಗ ಹಾಕಿ ತೋರಿಸು," ಎಂದೆ.

ಅವನು ಹಾಕಿದ. ಪರದೆಯ ಮೇಲೆ ಹಸಿರು ಹೊಲ ಬಂತು. ಒಬ್ಬ ಪುಟ್ಟ ಮನುಷ್ಯ ಗುದ್ದಲಿ ಎತ್ತಿದ, ಇಳಿಸಿದ, ಬೆಳೆ ಎದ್ದು ನಿಂತಿತು.

ಮುನಿವೆಂಕಟಪ್ಪನವರು ಟೀ ಲೋಟ ಕೆಳಗಿಟ್ಟರು. "ಇದೇನ್ ಸಾಮಿ ಇದು? ಗೊಬ್ರ ಎಲ್ಲೈತೆ? ನೀರು ಎಲ್ಲಿಂದ ಕಟ್ಟಿದ? ನಮ್ಮಪ್ಪ, ನಾನು, ಇಬ್ರೂ ಸೊಂಟ ಮುರ್ಕೊಂಡು ಆರು ತಿಂಗ್ಳಿಗೆ ಒಂದ್ ಬೆಳೆ ತೆಗೀತಿದ್ವಿ. ಇವನು ಯಾವನು ಕಣ್ ಮುಚ್ಚಿ ಬಿಡೋದ್ರಾಗೆ ತೆಗೆಯೋನು? ಮೋಸ ಇದು."

"ಮೂರನೇದು ನೋಡೋಣ," ಎಂದೆ.

ಅದು ನೋಡಲು ನಿಜಕ್ಕೂ ಚೆನ್ನಾಗಿತ್ತು. ಕೋಟೆ, ಬಾವುಟ, ಮೋಡದ ನೆರಳು ಕೂಡ. ಹತ್ತೇ ನಿಮಿಷಕ್ಕೆ ಆನೆಗಳು ಬಂದು ಕೋಟೆಯ ಬಾಗಿಲು ಒಡೆದವು. ಹಂಪಣ್ಣ ಸ್ಟೂಲಿನಿಂದ ಎದ್ದೇ ನಿಂತ. "ಗೇಟಿನಲ್ಲಿ ಒಬ್ಬನೂ ಇಲ್ಲ! ಪಾಸ್ ಕೇಳ್ಲಿಲ್ಲ, ಚೆಕ್ ಮಾಡ್ಲಿಲ್ಲ, ಆನೆನೇ ಒಳಗೆ ಬಿಟ್ಟಿದಾರೆ! ಯಾರ್ರೀ ಇಲ್ಲಿ ಡ್ಯೂಟಿ?" ಎಂದು ಗರ್ಜಿಸಿದ. ನಯಾಜ್ ಗೋಡೆಗೆ ಅಂಟಿಕೊಂಡ. ಅಷ್ಟರಲ್ಲಿ ವೈರಿಗಳು ನಮ್ಮ ಹೊಲಕ್ಕೆ ತಮ್ಮ ಬೇಲಿ ಹಾಕಿಕೊಂಡರು. ಅದನ್ನು ಕಂಡದ್ದೇ ಮುನಿವೆಂಕಟಪ್ಪನವರಿಗೆ ತಡೆಯಲಾಗಲಿಲ್ಲ.

"ಪಹಣಿ ಯಾರ ಹೆಸರ್ನಾಗೈತೆ? ಅದ್ ಹೇಳು ಮೊದ್ಲು! ಬೇಲಿ ಹಾಕ್ದೋನ್ದೇ ಭೂಮಿ ಆಗೋದಾದ್ರೆ ನಾನ್ಯಾಕೆ ಹನ್ನೆರಡ್ ವರ್ಸ ಕೋರ್ಟ್ ತಿರುಗ್ದೆ?" ಎಂದು ಮೇಜು ಗುದ್ದಿದರು.

ಕಮಿಟಿಯ ವರದಿ ಅಲ್ಲೇ ತಯಾರಾಯಿತು. ಎರಡನೇದಕ್ಕೆ ರೈತರ ತೀವ್ರ ಆಕ್ಷೇಪಣೆ. ಮೂರನೇದಕ್ಕೆ ರಕ್ಷಣಾ ಇಲಾಖೆಯ ಆಕ್ಷೇಪಣೆ, ಜೊತೆಗೆ ರೈತರದೂ. ಅಂದರೆ ಎರಡೂ ಸಮ. ನಾನು ನಯಾಜನಿಗೆ, "ಇದನ್ನ ಹೀಗೇ ಬಿಡೋ ಹಾಗಿಲ್ಲ. ಮೇಲೆ ಇನ್ನೊಂದು ಸಲ ಪರಿಶೀಲನೆ ಆಗಬೇಕು," ಎಂದು ಹೇಳಿ ಹೊರಟೆ. ಗಲ್ಲಿಯ ಷಟರ್‌ಗಳ ಸಂದಿಯಿಂದ ಕಣ್ಣುಗಳು ನಮ್ಮನ್ನು ನೋಡುತ್ತಿದ್ದವು.

ಮೂರನೇ ದಿನ ಕಾರ್ಖಾನೆಯ ಗೇಟಿಗೆ ನನ್ನ ಹೆಸರಿಗೆ ಒಂದು ಪೆಟ್ಟಿಗೆ ಬಂತು. ಪತ್ರದಲ್ಲಿದ್ದ ವಿಳಾಸ ನೋಡಿ ನಯಾಜ್ ಕಳಿಸಿದ್ದ. ಎರಡು ಕಿಲೋ ಮಿಠಾಯಿ, ಎಂಪೈರ್ ವ್ಯಾಲಿಯ ಎರಡನೇ ಭಾಗ, ಮೂರನೇ ಭಾಗ, ಮೇಲೊಂದು ಚೀಟಿ: ‘ಸಾರ್, ಎರಡೂ ನೀವೇ ಇಟ್ಕೊಳ್ಳಿ. ಕೇಸ್ ಕ್ಲೋಸ್ ಮಾಡಿ.’ ಗೇಟಿನಲ್ಲಿ ಇದ್ದವನು ಯಾರು? ಹಂಪಣ್ಣ. ಅವನು ಪೆಟ್ಟಿಗೆ ಬಿಚ್ಚಿ, ಚೀಟಿ ಓದಿ, ರಿಜಿಸ್ಟರಿನಲ್ಲಿ ಬರೆದು, ಲಂಚದ ವಿಚಾರಣೆ ಮಾಡುವ ವಿಜಿಲೆನ್ಸ್ ಆಫೀಸಿಗೆ ತಾನೇ ಹೊತ್ತುಕೊಂಡು ಹೋಗಿ ಒಪ್ಪಿಸಿದ. ನನ್ನದೇ ಕಮಿಟಿಯ ಸದಸ್ಯ!

"ಹಂಪಣ್ಣ, ನಿನಗೆ ಗೊತ್ತಿತ್ತಲ್ಲೋ ಇದು ಏನು ಅಂತ?" ಎಂದು ಕೇಳಿದೆ.

"ಗೊತ್ತಿತ್ತು ಸಾರ್. ಆದ್ರೆ ರೂಲ್ಸ್ ಅಂದ್ರೆ ರೂಲ್ಸ್ ಅಂತ ನೀವೇ ದಿನಾ ಹೇಳ್ತಿದ್ರಲ್ಲ."

ಸಂಜೆಯ ಹೊತ್ತಿಗೆ ಕ್ವಾರ್ಟರ್ಸ್ ತುಂಬ ಸುದ್ದಿ. ಅಮೃತಮ್ಮನವರು ಮೆಟ್ಟಿಲಲ್ಲಿ ನಿಂತು, "ಇಷ್ಟು ವರ್ಷದ ಸರ್ವಿಸ್ ಇಟ್ಕೊಂಡು ಬರೀ ಮಿಠಾಯಿಗೆ ಬಿದ್ರಾ ಪಾಪ," ಎಂದು ಮರುಗಿದರು. ಲಂಚ ತೆಗೆದುಕೊಂಡೆ ಎಂಬುದಕ್ಕಿಂತ ಅಷ್ಟು ಅಗ್ಗಕ್ಕೆ ತೆಗೆದುಕೊಂಡೆ ಎಂಬುದೇ ಅವರಿಗೆ ಬೇಸರ. ಮನೆಗೆ ಬಂದು ಜಲಜಾಳ ಹತ್ತಿರ ನನ್ನ ಗೋಳು ಹೇಳಿಕೊಳ್ಳೋಣ ಎಂದರೆ ಅವಳು ಕಂಪ್ಯೂಟರ್ ಮುಂದೆ ಬೆನ್ನು ಹಾಕಿ ಕೂತಿದ್ದಳು. "ಆರೂವರೆ ಆಗ್ಲಿ ಇರಿ," ಎಂದಳು. ಏನು ಕಲಿಯುತ್ತಿದ್ದಾಳೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮೂರು ವಾರ ಬಿಟ್ಟು ವಿಜಿಲೆನ್ಸ್ ಅಧಿಕಾರಿ ಪ್ರಿಯಂವದಾ ಅವರಿಂದ ಕರೆ ಬಂತು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ವಿಚಾರಣೆಗೆಂದು ನನ್ನಿಂದ ತರಿಸಿಕೊಂಡಿದ್ದ ಫೈಲನ್ನು ಮುಂದಿಟ್ಟುಕೊಂಡು ಕೂತಿದ್ದರು.

"ವೆಂಕಟಾಚಲ ಅವರೇ, ಇದನ್ನ ಎರಡು ಸಲ ಓದಿದೆ. ನಯಾಜ್ ಅವರನ್ನೂ ಕರೆಸಿ ಕೇಳಿದೆ. ನಿಮ್ಮ ಮೇಲೆ ಆರೋಪ ಏನೂ ಇಲ್ಲ. ಇಷ್ಟು ನೀಟಾದ ಫೈಲ್ ನಾನು ಈ ಕಾರ್ಖಾನೆಯಲ್ಲೇ ನೋಡಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ.

"ಹಾಗಾದರೆ ಆ ಎರಡು ಸಿಡಿ, ಮೇಡಂ?"

"ಅವು ಸಾಕ್ಷ್ಯ. ಇಲ್ಲೇ ಇರ್ತವೆ. ಅದರಲ್ಲಿ ಏನಿದೆ ಅಂತ ನಾನೇ ಹಾಕಿ ಪರಿಶೀಲಿಸ್ಬೇಕಾಯ್ತು. ಮೂರು ವಾರ ಹಿಡೀತು."

"ಮಿಠಾಯಿ?"

"ಅದು ಕೆಡೋ ವಸ್ತು. ವಿಲೇವಾರಿ ಆಯ್ತು."

ಎದ್ದು ಹೊರಟವನು ತಡೆಯಲಾರದೆ ಕೇಳಿಯೇಬಿಟ್ಟೆ. "ಮೇಡಂ, ಎರಡನೇದೋ, ಮೂರನೇದೋ?"

"ಮೂರನೇದು ತುಂಬಾ ಚೆನ್ನಾಗಿದೆ. ಆದ್ರೆ ಅದಕ್ಕೆ ಗಂಟೆಗಟ್ಲೆ ಟೈಮ್ ಬೇಕು. ನಿಮ್ಮಂಥ ಟೈಮ್‌ಪಾಸ್‌ನೋರಿಗೆ ಎರಡನೇದು ಸಾಕು. ನಿಜ ಹೇಳ್ಬೇಕಂದ್ರೆ, ಮೊದಲನೇದೇ ಸಾಕಿತ್ತು." ಫೈಲಿನ ಮೊದಲ ಪುಟಕ್ಕೆ ತಿರುವಿದರು. "ಅದು ಹಾಳಾಗಿದೆ ಅಂತ ಇಲ್ಲಿ ಸರ್ಟಿಫಿಕೇಟ್ ಕೊಟ್ಟಿದೀರಿ. ನೋಡಿದ್ರಾ?"

"ನೋಡಲಾಗಿ ಅಂತ ಬರೆದಿದ್ದೇನಲ್ಲ ಮೇಡಂ."

"ಬರೆದಿದೀರಿ. ನೋಡಿದ್ರಾ?"

ಇಪ್ಪತ್ತಾರು ವರ್ಷದಲ್ಲಿ ಈ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ.

ಮನೆಗೆ ಬಂದಾಗ ಆರೂ ಹತ್ತು. ಚಪ್ಪಲಿ ಬಿಚ್ಚದೆ ನೇರ ಬಾಲ್ಕನಿಗೆ ಹೋಗಿ ದಾರ ಹಿಡಿದು ಸಿಡಿಯನ್ನು ತಿರುಗಿಸಿದೆ. ಪಾರಿವಾಳದ ಹಿಕ್ಕೆಯನ್ನು ಉಗುರಿನಿಂದ ಕೆರೆದಾಗ ಪ್ರಿಂಟರಿನ ಚಿತ್ರವೊಂದು ಕಾಣಿಸಿತು. ಒಳಗೆ ಓಡಿ ಬಂದೆ. ಜಲಜಾ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ದೊಡ್ಡದೊಂದು ಪಟ್ಟಣ: ಸಾಲುಮನೆಗಳು, ಎರಡು ಕೆರೆ, ಸಂತೆ, ದೇವಸ್ಥಾನ, ದಾರಿಯ ಎರಡೂ ಕಡೆ ಮರ. ಮೂಲೆಯಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಏಳು ಗುಡಿಸಲು.

ಸಿಡಿ ಹಾಕುವ ತಟ್ಟೆಯ ಗುಂಡಿ ಒತ್ತಿದೆ. ಎಂಪೈರ್ ವ್ಯಾಲಿಯ ಮೊದಲ ಭಾಗ ಒಂದು ಗೀರೂ ಇಲ್ಲದೆ ಹೊರಗೆ ಬಂತು. ನಾನು ಕೊನೆಯ ಸಲ ಆಡಿ ಎದ್ದಾಗಿನಿಂದ ಅದು ಅಲ್ಲೇ ಇತ್ತು.

"ಏನ್ರೀ ಮಾಡ್ತಿದೀರಿ? ಸಂತೆ ದಿನ ಇವತ್ತು!" ಎಂದು ಜಲಜಾ ತಟ್ಟೆಯನ್ನು ಒಳಗೆ ತಳ್ಳಿದಳು.

"ಇದು ಒಳಗೇ ಇತ್ತು ಅಂತ ನನಗೆ ಯಾಕೆ ಹೇಳಲಿಲ್ಲ?"

"ನೋಡಿ ಅಂತ ಅವತ್ತೇ ಹೇಳಿದ್ನಲ್ಲ. ಕಂಡೆಮ್ ಆಗಿದೆ ಅಂದ್ರಿ. ಎರಡು ದಿನ ಬಿಟ್ಟು ಇಂಚರಾ ತೆಗೆದು ನೋಡಿದ್ಲು, ಇದೇ ಇತ್ತು. ಹೇಳೋಕೆ ಬಂದ್ರೆ ನೀವು ಫೈಲ್ ನಡೀತಿದೆ ಅಂತ ಕಳಿಸಿದ್ರಂತೆ."

ಇಂಚರಾ ಬಾಗಿಲಲ್ಲಿ ನಿಂತಿದ್ದಳು. "ನನ್ನ ಪ್ರಿಂಟರ್ ಇಂಡೆಂಟ್ ಏನಾಯ್ತಪ್ಪಾ?" ಎಂದಳು.

ನಾನು ಪರದೆಯತ್ತ ಬೆರಳು ಮಾಡಿದೆ. "ನನ್ನ ಕಣಜ ಎಲ್ಲಿ?"

"ಅದು ದಾರಿಗೆ ಅಡ್ಡ ಇತ್ತು. ಒಡೆದು ಪಕ್ಕಕ್ಕೆ ಹಾಕ್ದೆ."

"ಯಾರನ್ನ ಕೇಳಿ?"

"ಯಾರನ್ನ ಕೇಳ್ಬೇಕು? ಹಾಕ್ಬೇಕು ಅನ್ನಿಸ್ತು, ಹಾಕ್ದೆ."

ಇಷ್ಟು ದೊಡ್ಡ ಅಕ್ರಮವನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ. ಇನ್ನೂ ನೋವಿನ ಸಂಗತಿ ಎಂದರೆ, ಕಣಜ ಆ ಹೊಸ ಜಾಗದಲ್ಲಿ ಚೆನ್ನಾಗಿ ಕಾಣುತ್ತಿತ್ತು.

"ಏಳು ಜಲಜಾ," ಎಂದೆ. "ಆರರಿಂದ ಆರೂವರೆ ನನ್ನದು."

ಅವಳು ತಿರುಗಿ ನೋಡಲಿಲ್ಲ. "ಹೊಸದು ಬಂತಾ?"

"ಹೊಸದು ವಿಜಿಲೆನ್ಸ್‌ನಲ್ಲಿದೆ."

"ಬಂದ ದಿನ ಬಿಟ್ಕೊಡ್ತೀನಿ ಅಂತ ತಾನೆ ಮಾತಾಗಿದ್ದು? ಬರ್ಲಿ ಬಿಡಿ."

ಇದು ಅನ್ಯಾಯ. ಆದರೆ ಮಾತು ಹಾಗೇ ಆಗಿತ್ತು, ಆಡಿದವನೂ ನಾನೇ. ಆರೂವರೆಯಿಂದ ಏಳರವರೆಗಿನ ಅರ್ಧ ಗಂಟೆಯನ್ನಾದರೂ ಕೊಡು ಎಂದು ಕೇಳಿದೆ. ಬರೆದು ಕೊಡಿ ಎಂದಳು. ಬರೆದು ಕೊಟ್ಟು ಇವತ್ತಿಗೆ ಹದಿನೆಂಟು ದಿನ. ಆ ಹೊತ್ತಿಗೆ ಇಂಚರಾಳದ್ದೂ ಒಂದು ಅರ್ಜಿ ಇದೆಯಂತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಏನೂ ಹೇಳುವ ಹಾಗಿಲ್ಲ ಎನ್ನುತ್ತಾಳೆ ಜಲಜಾ.